ಊದದ ಕೊಳಲಿನ ಪಾಲು

ಆ ಊರಿಗೆ ಇದ್ದದ್ದು ಒಂದೇ ಮಟ್ಟು. ದಿನಾ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಊರೆಲ್ಲ ಸೇರಿ ಅದನ್ನು ನುಡಿಸಬೇಕು. ನುಡಿಸಿ ಮುಗಿದ ಮೇಲೆಯೇ ಅಂಗಡಿಗಳ ಬಾಗಿಲು ತೆಗೆಯಬೇಕು, ಹಾಲು ಕಾಯಿಸಬೇಕು, ಹಿಂದಿನ ದಿನ ಅರ್ಧಕ್ಕೆ ಬಿಟ್ಟ ಜಗಳವಿದ್ದರೆ ಮುಂದುವರಿಸಬೇಕು. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಕೇಳುವುದಕ್ಕೆ ಬೆಳಿಗ್ಗೆ ಪುರಸೊತ್ತೂ ಇರಲಿಲ್ಲ.

ಮಟ್ಟಿನಲ್ಲಿ ಪ್ರತಿಯೊಬ್ಬರಿಗೂ ಒಂದು ಪಾಲಿತ್ತು. ಕ್ಷೌರದವನಿಗೆ ಸಣ್ಣ ಡ್ರಮ್ಮಿನ ಒಂದು ಗುಡುಗು, ಹೂ ಮಾರುವವಳಿಗೆ ತಾಳದ ಒಂದು ಏಟು, ಹೆಡ್‌ಮೇಷ್ಟ್ರಿಗೆ ಬ್ಯೂಗಲ್ಲಿನ ಒಂದು ಉದ್ದನೆಯ ಉಸಿರು. ಮಕ್ಕಳು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದರು, ದೊಡ್ಡವರು ತಮ್ಮ ತಮ್ಮ ಹೊಸ್ತಿಲಲ್ಲಿ. ಮಟ್ಟು ಅಂಗಳದಲ್ಲಿ ಹುಟ್ಟಿ, ಬೀದಿಯಿಂದ ಬೀದಿಗೆ ನಡೆದು, ಊರಾಚೆಯ ಕೊನೆಯ ಹೊಸ್ತಿಲನ್ನು ಮುಟ್ಟಿ ಮತ್ತೆ ಅಂಗಳಕ್ಕೆ ಬಂದು ಸೇರುತ್ತಿತ್ತು. ಒಬ್ಬರ ಪಾಲನ್ನು ಇನ್ನೊಬ್ಬರು ನುಡಿಸಕೂಡದು, ಗುನುಗಕೂಡದು, ಬರೆದಿಡಕೂಡದು. ಆ ಊರಿನಲ್ಲಿ ಕಳ್ಳತನವೆಂದರೆ ಇದೇ. ಉಳಿದ ಕಳ್ಳತನಗಳಿಗೆ ವ್ಯಾಪಾರ ಎಂದು ಹೆಸರಿತ್ತು.

ಯಾರಾದರೂ ಸತ್ತರೆ ಅವರ ಪಾಲು ಖಾಲಿಯಾಗುತ್ತಿತ್ತು. ಮಟ್ಟು ಆ ಜಾಗಕ್ಕೆ ಬಂದಾಗ ಊರು ತಲೆ ತಗ್ಗಿಸಿ ನಿಲ್ಲಬೇಕು. ಸತ್ತವರ ಮನೆಯಲ್ಲಿ ಒಲೆಯ ಮೇಲೆ ಬೆಲ್ಲ ಇಡಕೂಡದು. ಬೇಸಿಗೆ ರಜೆ ಕಳೆದು ಶಾಲೆ ತೆರೆದ ದಿನ ಆ ಪಾಲು ಹೊಸ ಮಗುವೊಂದಕ್ಕೆ ಹೋಗುತ್ತಿತ್ತು. ಮಗು ಅದನ್ನು ನುಡಿಸಿದ ಗಳಿಗೆಗೆ ಸತ್ತವರ ಮನೆಯವರು ಬೆಲ್ಲ ಕರಗಿಸಿ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಬೇಕು. ಅಲ್ಲಿಗೆ ದುಃಖ ಮುಗಿಯಿತು. ಆಮೇಲೂ ಅಳುವವರು ಕೆಲವರಿದ್ದರು. ಅವರಿಗೆ ನೆಗಡಿಯಾಗಿದೆ ಎಂದು ಊರು ತಿಳಿದುಕೊಳ್ಳುತ್ತಿತ್ತು.

ಈ ಪಾಲುಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕಾಯುವವರು ಶಾಲೆಯ ಬ್ಯಾಂಡ್ ಮೇಷ್ಟ್ರು. ಕೆಲಸಕ್ಕೆ ಸೇರುವ ದಿನ ಅವರು ತಮ್ಮ ಸ್ವಂತ ಪಾಲನ್ನು ಒಂದು ಮಗುವಿಗೆ ಬಿಟ್ಟುಕೊಡಬೇಕು. ಎಲ್ಲರ ಪಾಲೂ ಇರುವವರಿಗೆ ತಮ್ಮದೊಂದು ಯಾಕೆ ಎಂಬುದು ನಿಯಮದ ವಾದ. ಅಲ್ಲಿಂದಾಚೆ ಅವರ ಕೈಯಲ್ಲಿ ಒಂದು ಬೆತ್ತ ಮಾತ್ರ. ಬೆತ್ತವನ್ನು ಗಾಳಿಯಲ್ಲಿ ಆಡಿಸಿದರೆ ಊರು ನುಡಿಯುತ್ತದೆ, ಬೆತ್ತ ನುಡಿಯುವುದಿಲ್ಲ. ಹಾಗಾಗಿ ಬ್ಯಾಂಡ್ ಮೇಷ್ಟ್ರು ಸತ್ತರೆ ಮಟ್ಟಿನಲ್ಲಿ ಯಾವ ಜಾಗವೂ ಖಾಲಿಯಾಗುವುದಿಲ್ಲ, ಯಾರೂ ತಲೆ ತಗ್ಗಿಸಿ ನಿಲ್ಲಬೇಕಾದ ತಾಪತ್ರಯವಿಲ್ಲ. ಇದು ಈ ಹುದ್ದೆಯ ಅನುಕೂಲಗಳಲ್ಲೊಂದು ಎಂದು ನೇಮಕದ ದಿನವೇ ತಿಳಿಸಿಬಿಡುತ್ತಿದ್ದರು. ಇನ್ನೊಂದು ಅನುಕೂಲವೆಂದರೆ, ವೇಳಾಪಟ್ಟಿಯಲ್ಲಿ ಬ್ಯಾಂಡಿಗೆ ದಿನದ ಕೊನೆಯ ಪಿರಿಯಡ್ಡು. ಲೆಕ್ಕ ಮುಗಿದಿಲ್ಲವೆಂದು ಗಣಿತದ ಮೇಷ್ಟ್ರು ಅದನ್ನು ತೆಗೆದುಕೊಳ್ಳುತ್ತಿದ್ದರು. ಆ ಶಾಲೆಯಲ್ಲಿ ಲೆಕ್ಕ ಎಂದೂ ಮುಗಿಯಲಿಲ್ಲ. ಬ್ಯಾಂಡ್ ಮೇಷ್ಟ್ರು ಕಲಿಸುತ್ತಿದ್ದದ್ದು ಊಟದ ಬಿಡುವಿನಲ್ಲಿ, ಸೈಕಲ್ ನಿಲ್ಲಿಸುವ ಚಪ್ಪರದ ಕೆಳಗೆ.

ಮೇಷ್ಟ್ರು ತಾವು ಊದುವಂತಿರಲಿಲ್ಲವಾದ್ದರಿಂದ, ಮಗುವಿನ ಹಿಂದೆ ಕೂತು ಅದರ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಒತ್ತಿ, ಎತ್ತಿ ತೋರಿಸುತ್ತಿದ್ದರು. ಆಮೇಲೆ ಎದ್ದು ದೂರ ಹೋಗಿ ನಿಂತು ಕೇಳುತ್ತಿದ್ದರು. ಪಾಲು ಸೊಟ್ಟಗಾದರೆ "ತಪ್ಪು" ಎನ್ನುತ್ತಿದ್ದರು. ಸರಿಯಾದರೆ ಏನೂ ಅನ್ನುತ್ತಿರಲಿಲ್ಲ. ಆ ಮೌನವೇ ಶಭಾಸ್‌ಗಿರಿ ಎಂದು ಮಕ್ಕಳು ಅರ್ಥಮಾಡಿಕೊಳ್ಳಬೇಕಿತ್ತು. ಕೆಲವರು ಮಾಡಿಕೊಂಡರು, ಉಳಿದವರು ಮೇಷ್ಟ್ರಿಗೆ ನಿದ್ದೆ ಬಂತೆಂದುಕೊಂಡರು.

ಮೇಷ್ಟ್ರಿಗೆ ಒಬ್ಬಳೇ ಮಗಳು. ಅವಳಿಗೆ ಬಂದದ್ದು ತೀರಿಕೊಂಡ ದರ್ಜಿಯ ಪಾಲು. ಬ್ಯೂಗಲ್ಲುಗಳೆಲ್ಲ ನಿಂತು ಡ್ರಮ್ಮುಗಳು ಶುರುವಾಗುವ ಮುಂಚೆ, ಒಂದೇ ಒಂದು ಕೊಳಲು ಒಂಟಿಯಾಗಿ ಊದುವ ಚಿಕ್ಕ ಸಾಲು ಅದು. ಅವಳು ಅದನ್ನು ಅಡುಗೆಮನೆಯಲ್ಲಿ ಕಲಿತಳು. ಅಲ್ಲಿದ್ದ ತಾಮ್ರದ ಹಂಡೆಯ ಬಾಯಿಗೆ ಕೊಳಲು ಹಿಡಿದು ಊದಿದರೆ, ಒಳಗೆ ತನ್ನಂಥ ಇನ್ನೊಬ್ಬಳು ಕೂತು ಊದುತ್ತಿರುವಂತೆ ಕೇಳಿಸುತ್ತಿತ್ತಂತೆ. ಜಗಲಿಯಿಂದ ಮೇಷ್ಟ್ರು "ತಪ್ಪು" ಎನ್ನುತ್ತಿದ್ದರು. ಅವಳು ಮತ್ತೆ ಊದುತ್ತಿದ್ದಳು. ಅವರು ಮತ್ತೆ "ತಪ್ಪು" ಎನ್ನುತ್ತಿದ್ದರು. ತಾಯಿ ಬೆಲ್ಲ ಜಜ್ಜುತ್ತಾ ಇಬ್ಬರನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮಗಳಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಅವಳನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಊರು ತಲೆ ತಗ್ಗಿಸಿ ನಿಂತಿತು. ಶಾಲೆ ತೆರೆಯುವ ದಿನ ಹತ್ತಿರವಾಯಿತು. ಕೊಳಲಿನ ಪಾಲು ಹಾಲಿನವನ ಮನೆಯ ಕಿರಿಯ ಹುಡುಗನಿಗೆ ಎಂದು ತೀರ್ಮಾನವಾಗಿತ್ತು. ಮೇಷ್ಟ್ರು ಅವನನ್ನು ಚಪ್ಪರದ ಕೆಳಗೆ ಕೂರಿಸಿಕೊಂಡರು, ಕೈಗೆ ಕೊಳಲು ಕೊಟ್ಟರು, ಹಿಂದೆ ಕೂತರು. ಅವನ ಬೆರಳುಗಳ ಮೇಲೆ ತಮ್ಮ ಬೆರಳು ಇಡಲು ಅವರಿಂದ ಆಗಲಿಲ್ಲ. ನಿನ್ನ ಪಾಲು ಬಂದಾಗ ಕೊಳಲನ್ನು ತುಟಿಗಿಡು, ಊದಬೇಡ, ಇಳಿಸು ಎಂದರು.

"ಅಷ್ಟೇನಾ ಸಾರ್?"

"ಅಷ್ಟೇ. ಕಷ್ಟದ ಪಾಲು ಅದು."

ಬ್ಯಾಂಡಿನಲ್ಲೇ ಕಷ್ಟದ ಪಾಲು ತನಗೆ ಬಂದಿದೆ ಎಂದು ಹುಡುಗ ಮನೆಯಲ್ಲಿ ಹೇಳಿಕೊಂಡ. ಮನೆಯವರು ಅವನಿಗೆ ಹೊಸ ಚಡ್ಡಿ ಹೊಲಿಸಿದರು.

ಆ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಒಲೆಯ ಮುಂದೆ ಬೆಲ್ಲದ ಉಂಡೆ ಹಿಡಿದು ನಿಂತಿದ್ದಳು. ಬ್ಯೂಗಲ್ಲುಗಳು ನಿಂತವು. ಯಾರೂ ಊದಲಿಲ್ಲ. ಡ್ರಮ್ಮುಗಳು ಶುರುವಾದವು. ಅವಳು ಬೆಲ್ಲವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಆದರೂ ಬೀದಿಗೆ ಒಬ್ಬಟ್ಟು ಹಂಚಲೇಬೇಕಿತ್ತಲ್ಲ. ಬೇಯಿಸಿದ ಬೇಳೆಯನ್ನು ಹಾಗೇ ರುಬ್ಬಿ ಹೂರಣ ಮಾಡಿ ತಟ್ಟಿದಳು. ಬೀದಿಯವರು ಆ ಸಪ್ಪೆ ಒಬ್ಬಟ್ಟನ್ನು ತಿಂದರು, ಪಾಪ ಮರೆತಿದ್ದಾಳೆ ಎಂದುಕೊಂಡರು, ಕೈ ತೊಳೆದುಕೊಂಡರು. ಅಂದಿನಿಂದ ಆ ಮನೆಯಲ್ಲಿ ಯಾವ ಹಬ್ಬ ಬಂದರೂ ಒಬ್ಬಟ್ಟು ಸಪ್ಪೆ. ಮೇಷ್ಟ್ರು ಬಡಿಸಿದ್ದನ್ನು ತಿಂದು ಏಳುತ್ತಿದ್ದರು. ಇನ್ನೊಂದು ಹಾಕಲಾ ಎಂದು ಅವಳು ಕೇಳುತ್ತಿದ್ದಳು, ಹಾಕು ಎಂದು ಅವರು ಹೇಳುತ್ತಿದ್ದರು. ಅದರ ಬಗ್ಗೆ ಅವರ ನಡುವೆ ನಡೆದ ಮಾತುಕತೆ ಇಷ್ಟೇ.

ಊರಿಗೆ ಮೊದಮೊದಲು ಆ ಮೌನ ಹೊಸದಾಗಿತ್ತು. ಹೊಸದೆಂಬುದು ಆ ಊರಿನಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಬರಬರುತ್ತಾ ಅದು ಹಳೆಯದಾಯಿತು, ಆಮೇಲೆ ಸಂಪ್ರದಾಯವಾಯಿತು. ಹಾಲಿನವನ ಮಗ ಬೆಳೆದು ಗಂಡಸಾಗಿ ತನ್ನ ಹೊಸ್ತಿಲಲ್ಲಿ ನಿಂತು ಕೊಳಲನ್ನು ತುಟಿಗಿಡುವುದನ್ನು ನೋಡಲು ಜನ ಬೇರೆ ಬೀದಿಗಳಿಂದ ಬರುತ್ತಿದ್ದರು. ಎಷ್ಟು ಚೆನ್ನಾಗಿ ಊದುವುದಿಲ್ಲ ನೋಡಿ ಎನ್ನುತ್ತಿದ್ದರು. ಉಳಿದವರ ಪಾಲಿನಲ್ಲಿ ಒಂದಲ್ಲ ಒಂದು ದಿನ ಅಪಸ್ವರ ಬಂದೇ ಬರುತ್ತಿತ್ತು, ಅವನದರಲ್ಲಿ ಒಮ್ಮೆಯೂ ಬರಲಿಲ್ಲ. ಇಂಥವನು ಪುರಸಭೆಗೆ ಬೇಕು ಎಂದು ಊರು ಅವನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಅಧ್ಯಕ್ಷನಾದ ಮೇಲೆ ಅವನು ಬಾಯಿ ತೆರೆದ. ಅಷ್ಟು ವರ್ಷ ಉಳಿಸಿಟ್ಟಿದ್ದ ಉಸಿರನ್ನೆಲ್ಲ ಭಾಷಣಕ್ಕೆ ಖರ್ಚು ಮಾಡಿದ. ಕೊನೆಗೆ ಹೊಸ ನಲ್ಲಿಯೊಂದರ ಉದ್ಘಾಟನೆಯಲ್ಲಿ ಮಾತಾಡುತ್ತಾ ಮಾತಾಡುತ್ತಾ, ಇನ್ನೂ ನೀರು ಬರುವ ಮುಂಚೆಯೇ ತೀರಿಕೊಂಡ.

ಈಗ ಊರಿಗೆ ಹಿಂದೆಂದೂ ಬರದ ಸಮಸ್ಯೆ ಬಂತು. ಅಧ್ಯಕ್ಷರು ಸತ್ತರೂ ಮಟ್ಟಿನಲ್ಲಿ ಏನೂ ಕಡಿಮೆಯಾಗಲಿಲ್ಲ. ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇತ್ತು. ಎಲ್ಲಿ ತಲೆ ತಗ್ಗಿಸುವುದು ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಧ್ಯಕ್ಷರ ಅಣ್ಣ ಹೆಡ್‌ಮೇಷ್ಟ್ರ ಕೋಣೆಗೆ ಬಂದು, ಸಾಮಾನ್ಯ ಮನುಷ್ಯ ಸತ್ತರೂ ಒಂದು ಏಟು ಕಡಿಮೆಯಾಗತ್ತೆ, ನಮ್ಮ ತಮ್ಮನಿಗೆ ಅಷ್ಟೂ ಇಲ್ಲವೇ ಎಂದು ಕೇಳಿದ. ಮೌನದ ಮೇಲೆ ಇನ್ನೊಂದು ಮೌನ ಇಡುವುದು ಹೇಗೆ ಎಂದು ಸಮಿತಿಯೊಂದು ಕೂತು ಯೋಚಿಸಿತು. ಅದು ಯೋಚಿಸುತ್ತಿರುವಾಗಲೇ ಬೇಸಿಗೆ ರಜೆ ಮುಗಿಯುತ್ತಾ ಬಂತು.

ಶಾಲೆ ತೆರೆದ ವಾರವೇ ಬ್ಯಾಂಡ್ ಮೇಷ್ಟ್ರು ನಿವೃತ್ತರಾಗುವವರಿದ್ದರು. ಅದಕ್ಕೆ ಮುಂಚೆ ಅವರು ಎಲ್ಲ ಪಾಲುಗಳನ್ನೂ ಹೊಸ ಮೇಷ್ಟ್ರಿಗೆ ಬೆರಳಿಂದ ಬೆರಳಿಗೆ ಒಪ್ಪಿಸಬೇಕಿತ್ತು. ಒಪ್ಪಿಸಿದ್ದು ಉಳಿಯುತ್ತದೆ, ಒಪ್ಪಿಸದ್ದು ಅಲ್ಲಿಗೆ ಮುಗಿಯುತ್ತದೆ. ಒಂದು ಮಧ್ಯಾಹ್ನ ಅನ್ನಕ್ಕೆ ಸಾರು ಬಡಿಸುತ್ತಾ ಹೆಂಡತಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಆ ಮಾತೆತ್ತಿದಳು.

"ಈ ಸಲವಾದ್ರೂ ಅವಳದ್ದನ್ನ ಕೊಡ್ರೀ. ಹೊಸ ಮೇಷ್ಟ್ರಿಗೆ ನೀವು ಕೊಟ್ಟಿದ್ದಷ್ಟೇ ಗೊತ್ತಿರೋದು. ನೀವೂ ಕೊಡದೆ ಹೋದ್ರೆ, ಅಂಥಾ ಮಗು ಒಂದಿತ್ತು ಅನ್ನೋದೇ ಇರಲ್ಲ."

ಮೇಷ್ಟ್ರು ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ಊರು ಏನನ್ನುತ್ತದೋ ಎಂದರು.

"ಊರು ಇಷ್ಟು ವರ್ಷ ಸಪ್ಪೆ ಒಬ್ಬಟ್ಟು ತಿಂದು ಏನೂ ಅಂದಿಲ್ಲ. ಇದಕ್ಕೇನಂತೆ? ಒಂದ್ಸಲ ಕೇಳಿಸಿಬಿಡಿ ನಂಗೆ. ಬೆಲ್ಲದ ಡಬ್ಬಿ ಮುಚ್ಚಳ ತೆಗೆದು ಎಷ್ಟು ಕಾಲ ಆಯ್ತು."

ಅಧ್ಯಕ್ಷರ ಪಾಲು ಆ ವರ್ಷ ಬೀಗ ರಿಪೇರಿಯವನ ಮಗಳಿಗೆ ಬಂದಿತ್ತು. ಮೇಷ್ಟ್ರು ಅವಳನ್ನು ಚಪ್ಪರದ ಕೆಳಗೆ ಕೂರಿಸಿಕೊಂಡರು. ಹುಡುಗಿ ಕೊಳಲನ್ನು ತುಟಿಗಿಟ್ಟು, ಇಳಿಸಿ, ಬಂತಲ್ಲ ಸಾರ್ ಎಂದು ಏಳಹೊರಟಳು. ಕೂತ್ಕೋ ಎಂದರು ಮೇಷ್ಟ್ರು. ಹಿಂದೆ ಕೂತು ಅವಳ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಇಟ್ಟರು.

"ಅಧ್ಯಕ್ಷರು ಊದ್ತಾನೇ ಇರ್ಲಿಲ್ವಲ್ಲ ಸಾರ್?"

"ಅವರಿಗೆ ನಾನು ಕಲಿಸಲಿಲ್ಲ."

"ಯಾಕೆ, ದಡ್ಡರಿದ್ರಾ?"

"ದಡ್ಡ ನಾನಿದ್ದೆ. ಊದು."

ಹುಡುಗಿ ಊದಿದಳು. ಮೇಷ್ಟ್ರು ಎದ್ದು ಸೈಕಲ್ಲುಗಳ ಆಚೆ ಹೋಗಿ ನಿಂತು ತಪ್ಪು ಎಂದರು. ಮತ್ತೆ ಬಂದು ಬೆರಳು ತಿದ್ದಿದರು, ಮತ್ತೆ ಹೋಗಿ ನಿಂತರು. ಸಾಲಿನ ಕೊನೆಯಲ್ಲಿ ಬೆರಳುಗಳು ಎದ್ದು ಸ್ವರ ಮೇಲಕ್ಕೇರಿ ನಿಲ್ಲಬೇಕು, ಅದು ನಿಂತ ಎತ್ತರದಿಂದ ಡ್ರಮ್ಮುಗಳು ಕೆಳಗೆ ಉರುಳಬೇಕು. ಅವರಿಗೆ ಒಂದು ಎಳೆಯೂ ಮರೆತಿರಲಿಲ್ಲ. ಅಷ್ಟು ವರ್ಷ ಯಾರೂ ಮುಟ್ಟದ ಪಾಲು ತಲೆಯೊಳಗೆ ಇಟ್ಟಲ್ಲೇ ಇದ್ದದ್ದು ನೋಡಿ ಅವರಿಗೇ ಆಶ್ಚರ್ಯವಾಯಿತು. ಕೊನೆಗೊಂದು ಸಲ ಹುಡುಗಿ ಊದಿ ಮುಗಿಸಿದಾಗ ಮೇಷ್ಟ್ರು ಏನೂ ಅನ್ನಲಿಲ್ಲ. ಹುಡುಗಿ ತಿರುಗಿ ನೋಡಿದಳು. ಅವರು ಒಂದು ಸೈಕಲ್ಲಿನ ಸೀಟು ಹಿಡಿದುಕೊಂಡು ನಿಂತಿದ್ದರು.

ಶಾಲೆ ತೆರೆಯಿತು. ಮೇಷ್ಟ್ರು ಬೆತ್ತ ಎತ್ತಿದರು. ಬ್ಯೂಗಲ್ಲುಗಳು ಊದಿ ನಿಂತವು. ಆ ಮೌನಕ್ಕಾಗಿ ಊರು ಎಂದಿನಂತೆ ಉಸಿರು ಹಿಡಿಯಿತು. ಅದರ ನಡುವಿನಿಂದ ಒಂದು ಕೊಳಲು ಒಂಟಿಯಾಗಿ ಎದ್ದು, ಬೀದಿಯಲ್ಲಿ ಅಷ್ಟು ದೂರ ನಡೆದು, ಮೇಲಕ್ಕೇರಿ ನಿಂತಿತು. ಡ್ರಮ್ಮುಗಳು ಬರಲಿಲ್ಲ. ಕ್ಷೌರದವನು ಕಡ್ಡಿಗಳನ್ನು ಮೇಲೆತ್ತಿದವನು ಹಾಗೇ ನಿಂತುಬಿಟ್ಟಿದ್ದ. ಊರಿನ ಮಟ್ಟು ಮೊದಲ ಬಾರಿಗೆ ಅರ್ಧದಲ್ಲಿ ಮುರಿಯಿತು. ಅಂಗಡಿ ತೆರೆಯಬಹುದೋ ಬಾರದೋ ತಿಳಿಯದೆ ಅಂಗಡಿಯವರು ಬೀಗದ ಕೈ ಹಿಡಿದು ಬೀದಿಯಲ್ಲಿ ನಿಂತರು.

ಅಂಗಳದಲ್ಲಿ ಸಭೆ ಸೇರಿತು. ಯಾರೂ ಕೂಗಾಡಲಿಲ್ಲ. ಬ್ಯಾಂಡ್ ಮೇಷ್ಟ್ರೆಂದರೆ ಎಲ್ಲರಿಗೂ ಕಲಿಸಿದವರು, ಮೇಲಾಗಿ ಆ ವಾರ ಹೋಗುವವರು. ಅಧ್ಯಕ್ಷರ ಅಣ್ಣ ಕೈ ಮುಗಿದೇ ಮಾತಾಡಿದ.

"ನಮ್ಮ ತಮ್ಮ ಜೀವ ಇರೋವರೆಗೂ ಒಂದು ದಿನ ಊದಲಿಲ್ಲ ಮೇಷ್ಟ್ರೇ. ಅಂಥವನ ಜಾಗದಲ್ಲಿ ಪೀಪಿ ಊದಿಸಿಬಿಟ್ಟಿರಲ್ಲ. ಇದು ತಪ್ಪು."

ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದು ನನ್ನ ಮಗಳ ಪಾಲು, ಅದಕ್ಕೆ ಮುಂಚೆ ದರ್ಜಿಯದು, ಇನ್ನೊಂದು ಮಗುವಿನ ಬಾಯಿಂದ ಕೇಳಲಾರದೆ ನಾನೇ ಮುಚ್ಚಿಟ್ಟೆ ಎಂದರು. ಸಭೆ ಮರ್ಯಾದೆಯಿಂದ ಕೇಳಿಸಿಕೊಂಡಿತು. ದರ್ಜಿಯನ್ನು ಕಂಡಿದ್ದವನೆಂದರೆ ಕ್ಷೌರದವನೊಬ್ಬನೇ. ಅವನನ್ನು ಕೇಳಿದಾಗ, ಹೊಲೀತಿದ್ದ ಅಂತ ನೆನಪಿದೆ, ಊದ್ತಿದ್ದ ಅಂತ ನೆನಪಿಲ್ಲ ಎಂದ. ಹೆಡ್‌ಮೇಷ್ಟ್ರು ಮೇಷ್ಟ್ರ ಮಗಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಹುಡುಕಿದರು. ಅವಳ ಜಡೆ ಸಿಕ್ಕಿತು, ಅವಳು ಕೊಟ್ಟ ಹುಣಸೆಹಣ್ಣು ಸಿಕ್ಕಿತು. "ಆ ಜಾಗದಲ್ಲಿ ನನಗೆ ಏನೂ ಕೇಳಿಸ್ತಾ ಇಲ್ಲ ಮೇಷ್ಟ್ರೇ," ಎಂದರು. ಅವರು ಸುಳ್ಳು ಹೇಳುವವರಲ್ಲ.

ಸಭೆ ಮೇಷ್ಟ್ರನ್ನು ಕ್ಷಮಿಸಿತು. ವಯಸ್ಸಾದಾಗ ಕಿವಿಯಲ್ಲಿ ಇಲ್ಲದ್ದು ಕೇಳಿಸುವುದುಂಟು ಎಂದಿತು. ನಾಳೆಯಿಂದ ಹುಡುಗಿ ಕೊಳಲನ್ನು ತುಟಿಗಿಟ್ಟು ಊದದೆ ಇಳಿಸಬೇಕು, ಮಟ್ಟನ್ನು ಹಿಂದಿನಿಂದ ನಡೆದು ಬಂದಂತೆಯೇ ಉಳಿಸಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಹೊಸ ಮೇಷ್ಟ್ರು ಪಕ್ಕದಲ್ಲೇ ನಿಂತು ಅದನ್ನು ಮನನ ಮಾಡಿಕೊಂಡರು. ನಿವೃತ್ತಿಯ ಸಮಾರಂಭಕ್ಕೆ ಶಾಲು ಈಗಾಗಲೇ ತಂದಾಗಿದೆ ಎಂದೂ ಯಾರೋ ಸಮಾಧಾನ ಹೇಳಿದರು.

ಮೇಷ್ಟ್ರು ಮನೆಯ ದಾರಿ ಹಿಡಿದರು. ಬೀದಿಯ ತಿರುವಿಗೇ ಬೆಲ್ಲ ಕರಗುವ ವಾಸನೆ ಎದುರಾಯಿತು. ಒಳಗೆ ಹೆಂಡತಿ ಕಾವಲಿಯ ಮುಂದೆ ಕೂತಿದ್ದಳು. ಮುಖದ ಮೇಲೆ ಹಿಟ್ಟು ಮೆತ್ತಿತ್ತು, ಹಿಟ್ಟಿನ ಮೇಲೆ ಎರಡು ಗೆರೆ ಬಿದ್ದಿದ್ದವು.

"ಕೇಳಿಸ್ತಾ?"

"ಕೇಳಿಸ್ತು."

"ಸರಿಯಾಗಿತ್ತಾ?"

ಅವಳು ಕಾವಲಿಯ ಮೇಲಿದ್ದ ಒಬ್ಬಟ್ಟನ್ನು ಮಗುಚಿ ಹಾಕಿದಳು.

"ಸರಿಯಾಗಿತ್ತು. ಬಿಸಿಯಿದೆ, ತಿನ್ನಿ."

ಮೇಷ್ಟ್ರು ತಿಂದರು. ಎಷ್ಟೋ ಕಾಲದ ಮೇಲೆ ನಾಲಿಗೆಗೆ ಸಿಹಿ ತಾಗಿತು. ನಾಳೆಯಿಂದ ಕೊಳಲು ಇರುವುದಿಲ್ಲವಂತೆ ಎಂದು ತಿಳಿಸಿದರು. ಅವಳು ಇನ್ನೊಂದನ್ನು ಬಡಿಸಿದಳು.

ಸಮಾರಂಭ ಚೆನ್ನಾಗಿ ನಡೆಯಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗೋಡೆ ಗಡಿಯಾರ ಕೊಟ್ಟರು. ಇನ್ನು ಮುಂದೆ ಸಮಯ ನೋಡಬೇಕಾದ ಕೆಲಸವೇ ಇಲ್ಲದವರಿಗೆ ಗಡಿಯಾರ ಕೊಡುವುದು ಆ ಊರಿನ ಪದ್ಧತಿ. ಅಧ್ಯಕ್ಷರ ಅಣ್ಣ ಮಾತಾಡಿ, ಮೇಷ್ಟ್ರು ಈ ಊರಿಗೆ ಕೊಟ್ಟದ್ದರಲ್ಲೆಲ್ಲ ದೊಡ್ಡದೆಂದರೆ ನಮ್ಮ ತಮ್ಮನಿಗೆ ಕಲಿಸಿದ ಆ ಮೌನ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗಣಿತದ ಮೇಷ್ಟ್ರು ಕಣ್ಣೊರೆಸಿಕೊಂಡು ಕೊನೆಯ ಪಿರಿಯಡ್ಡಿಗೆ ಎದ್ದು ಹೋದರು.

ಇತ್ತ ಸಮಾರಂಭ ನಡೆಯುತ್ತಿರುವಾಗಲೇ ಬೀಗ ರಿಪೇರಿಯವನ ಮಗಳು ಮೇಷ್ಟ್ರ ಮನೆಯ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಅಂಗಳದಲ್ಲಿ ಎಲ್ಲರೂ ತನ್ನನ್ನೇ ನೋಡಿದ್ದು ಅವಳಿಗೆ ಅವಮಾನವಾಗಿತ್ತು. ನಾನು ಸರಿಯಾಗಿಯೇ ಊದಿದೆ ಅಜ್ಜಿ, ಮೇಷ್ಟ್ರು ಸುಮ್ಮನಿದ್ದರು ಎಂದು ಅತ್ತಳು. ಮೇಷ್ಟ್ರ ಹೆಂಡತಿ ಅವಳನ್ನು ಒಳಗೆ ಕರೆದು ಹಂಡೆಯ ಪಕ್ಕ ಕೂರಿಸಿ, ಕೊಳಲು ತೆಗೆ ಎಂದಳು. ಹುಡುಗಿ ಮನೆಗೆ ಹೋಗುವಾಗ ಬೆರಳಿಗಂಟಿದ ಬೆಲ್ಲವನ್ನು ನೆಕ್ಕಿಕೊಳ್ಳುತ್ತಾ ಹೋದಳು.

ಮರುದಿನ ಬೆಳಿಗ್ಗೆ ಮೇಷ್ಟ್ರಿಗೆ ನಿಲ್ಲಲು ಜಾಗವಿರಲಿಲ್ಲ. ಅಂಗಳ ಈಗ ಹೊಸ ಮೇಷ್ಟ್ರದು. ಮನೆಯ ಹೊಸ್ತಿಲಲ್ಲಿ ನಿಲ್ಲೋಣವೆಂದರೆ ಅವರಿಗೆ ಪಾಲಿಲ್ಲ, ಪಾಲಿಲ್ಲದವರು ಹೊಸ್ತಿಲಲ್ಲಿ ನಿಂತರೆ ದಾರಿಗೆ ಅಡ್ಡ. ಅವರು ಬಂದು ಶಾಲೆಯ ಕಾಂಪೌಂಡಿನ ಹೊರಗೆ, ಗೋಡೆ ಮೋಟಾಗಿದ್ದ ಕಡೆ ನಿಂತರು. ಬ್ಯೂಗಲ್ಲುಗಳು ಊದಿ ನಿಂತವು. ಹುಡುಗಿ ಕೊಳಲನ್ನು ತುಟಿಗಿಟ್ಟಳು. ಊದಲಿಲ್ಲ. ಆದರೆ ಅವಳ ಬೆರಳುಗಳು ತೂತುಗಳ ಮೇಲೆ ಮೆಲ್ಲಗೆ ನಡೆದವು. ತುಟಿಯ ಬಗ್ಗೆ ಸಭೆ ಎಲ್ಲವನ್ನೂ ಹೇಳಿತ್ತು, ಬೆರಳುಗಳ ಬಗ್ಗೆ ಏನೂ ಹೇಳಿರಲಿಲ್ಲ.

ಮೇಷ್ಟ್ರು ಜೀವಮಾನವಿಡೀ ಬೆರಳು ನೋಡಿ ಸ್ವರ ಕೇಳಿಸಿಕೊಂಡವರು. ಗೋಡೆಯಾಚೆಯಿಂದ ಸಾಲನ್ನು ಒಂದೊಂದೇ ಬೆರಳಾಗಿ ಕೇಳಿಸಿಕೊಂಡರು. ಕೊನೆ ಬಂತು. ಎದ್ದೇಳಬೇಕಾಗಿದ್ದ ಬೆರಳುಗಳು ಏಳಲಿಲ್ಲ. ಒಂದರ ಹಿಂದೊಂದು ಮುಚ್ಚಿಕೊಂಡು, ಸ್ವರ ಮೆಟ್ಟಿಲಿಳಿದು ನೆಲದ ಮೇಲೆ ಕೂತಿತು. ಅಭ್ಯಾಸಬಲದಿಂದ ಮೇಷ್ಟ್ರ ತುಟಿ ತಪ್ಪು ಎನ್ನಲು ಹೊರಟಿತು. ಅರ್ಧಕ್ಕೆ ನಿಂತಿತು. ಜಗಲಿಯಲ್ಲಿ ಕೂತು ಅದೇ ಜಾಗಕ್ಕೆ, ಅದೇ ಇಳಿತಕ್ಕೆ, ಅದೇ ಮಾತನ್ನು ದಿನಾ ಅಂದದ್ದು ಅವರ ಕಿವಿಗೆ ಬಂತು. ಅಷ್ಟು ವರ್ಷ ತಲೆಯಲ್ಲಿ ಅವರು ಜೋಪಾನವಾಗಿಟ್ಟುಕೊಂಡಿದ್ದದ್ದು ದರ್ಜಿಯ ಪಾಲು. ತಾವು ಕಲಿಸಿದ್ದು ನೆನಪಿತ್ತು. ಮಗಳು ಊದಿದ್ದು ನೆನಪಿರಲಿಲ್ಲ.

ಡ್ರಮ್ಮುಗಳು ಶುರುವಾದವು. ಅಂಗಡಿಗಳು ತೆರೆದವು. ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಹಿತ್ತಿಲಿನಲ್ಲಿ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಿದ್ದಳು. ಅವರು ಹೋಗಿ ಕಲ್ಲಿನ ಮೇಲೆ ಕೂತರು.

"ಅವಳು ಕೊನೆಗೆ ಇಳಿಸ್ತಿದ್ಲಾ?"

"ದಿನಾ ಇಳಿಸ್ತಿದ್ಲು. ನೀವು ದಿನಾ ತಪ್ಪು ಅಂತಿದ್ರಿ."

ಮೇಷ್ಟ್ರು ಬಗ್ಗಿ ಹಂಡೆಯ ಬಾಯೊಳಗೆ ನೋಡಿದರು.

"ಶಾಲೆ ತೆರೆದ ದಿನ ಸರಿಯಾಗಿತ್ತು ಅಂದ್ಯಲ್ಲ."

ಅವಳು ಹಂಡೆಗೆ ನೀರು ಸುರಿದು ತೊಳೆದಳು. ಬೋರಲು ಹಾಕಲಿಲ್ಲ, ಬಾಯಿ ಮೇಲೆ ಮಾಡಿಯೇ ಇಟ್ಟಳು.

"ಕೊನೇಲಿ ಸ್ವರ ಮೇಲೇರೋ ಹೊತ್ತಿಗೆ ಬೆಲ್ಲ ಆಗಲೇ ಒಲೆ ಮೇಲಿತ್ತು," ಎಂದಳು.